ಕಟುಕರೋಹಿಣಿ: ಬೇರು ಕೀಳುವುದೊಂದೇ ದಾರಿಯೇ?

ಮೈಸೂರು, ಬೆಂಗಳೂರಿನ ಯಾವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೂ ಕಟುಕರೋಹಿಣಿ ಸಿಗುತ್ತದೆ. ಕಿರುಬೆರಳಿಗಿಂತ ಸಣ್ಣದಾದ, ಬೂದುಗಂದು ಬಣ್ಣದ ಒಣ ತುಂಡುಗಳು. ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತವೆ. ಒಳಗೆಲ್ಲ ಕಪ್ಪು, ನಡುವೆ ಬಿಳಿಯ ಗುರುತು. ಚೂರು ನಾಲಿಗೆಗೆ ಸೋಕಿದರೂ ಕಹಿ ಬೇಗ ಬಿಡುವುದಿಲ್ಲ. ಯಕೃತ್ತಿನ ತೊಂದರೆಗೆ ವೈದ್ಯರು ಬರೆದುಕೊಡುವ ಆರೋಗ್ಯವರ್ಧಿನಿ ವಟಿಯಲ್ಲಿ ತೂಕದ ಅರ್ಧ ಪಾಲು ಇದೇ.

ಈ ತುಂಡು ಬರುವುದು ಹಿಮಾಲಯದಲ್ಲಿ ಸುಮಾರು 3,000 ಮೀಟರಿಗಿಂತ ಎತ್ತರದ ಹುಲ್ಲುಗಾವಲುಗಳಿಂದ. ಅಲ್ಲಿ ಅದಕ್ಕೆ ಕುಟ್ಕಿ ಎನ್ನುತ್ತಾರೆ. ನೆಲಕ್ಕಂಟಿಕೊಂಡು ಹಬ್ಬುವ ಗಿಡ. ವರ್ಷದ ಹಲವು ತಿಂಗಳು ಹಿಮದಡಿ ಇರುವುದರಿಂದ ಬೆಳವಣಿಗೆ ಬಲು ನಿಧಾನ. ಮದ್ದಿಗೆ ಬೇಕಾದದ್ದು ನೆಲದೊಳಗಿನ ಕಾಂಡ ಮತ್ತು ಬೇರು. ಅದನ್ನು ಅಗೆದರೆ ಗಿಡವೇ ಹೋಯಿತು. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧಕ್ಕೆ 1997ರಲ್ಲಿ ಇದು ಸೇರಿತು. ಆದರೆ ಆ ಒಪ್ಪಂದ ಕಾಯುವುದು ದೇಶದ ಗಡಿಯನ್ನು. ಹಿಮಾಲಯದ ಚಮೋಲಿಯಲ್ಲಿ ಅಗೆದದ್ದು ಬೆಂಗಳೂರಿಗೆ ಬರುವುದನ್ನು ಅದು ನೋಡುವುದಿಲ್ಲ.

ಇದರ ರಸಾಯನವನ್ನು ತುಸು ಬಿಡಿಸಿ ನೋಡಬೇಕು, ನನ್ನ ವಾದ ನಿಂತಿರುವುದೇ ಅದರ ಮೇಲೆ. ಕಹಿಗೆ ಮುಖ್ಯ ಕಾರಣ ಪಿಕ್ರೋಸೈಡ್–1, ಪಿಕ್ರೋಸೈಡ್–2, ಕುಟ್ಕೋಸೈಡ್ ಎಂಬ ಇರಿಡಾಯ್ಡ್ ಗ್ಲೈಕೋಸೈಡುಗಳು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಈ ಗುಂಪಿನಿಂದಲೇ ಯಕೃತ್ತನ್ನು ಕಾಯುವ ‘ಪಿಕ್ರೋಲಿವ್’ ಸಿದ್ಧಪಡಿಸಿತು. ಇದೇ ಗಿಡದಲ್ಲಿರುವ ಅಪೋಸೈನಿನ್‌ನ ಕಥೆ ಬೇರೆ. ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್‌ಗೆ ಹತ್ತಿರದ ಸಣ್ಣ ಅಣು ಅದು. ಉರಿಯೂತವಾದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಒಂದು ಕಿಣ್ವವನ್ನು ಜೋಡಿಸಿಕೊಂಡು ಸೂಪರಾಕ್ಸೈಡನ್ನು ಉಗುಳುತ್ತವೆ. ಅದು ರೋಗಾಣುವನ್ನು ಕೊಲ್ಲುತ್ತದೆ, ಹೆಚ್ಚಾದರೆ ನಮ್ಮದೇ ಕೀಲುಗಳನ್ನೂ ಸುಡುತ್ತದೆ. ಆ ಕಿಣ್ವ ಜೋಡಣೆಯಾಗದಂತೆ ಅಪೋಸೈನಿನ್ ತಡೆಯುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 1990ರ ದಶಕದಲ್ಲಿ ಪ್ರಕಟಿಸಿದರು. ಇಲಿಗಳ ಸಂಧಿವಾತವೂ ತಗ್ಗಿತು. ಕೆರಳಿದ ಕಣದೊಳಗಿನ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ತಾಗಿದ ಮೇಲಷ್ಟೇ ಈ ಅಣುವಿಗೆ ಆ ಬಲ ಬರುತ್ತದೆ. ಆ ಪೆರಾಕ್ಸಿಡೇಸ್ ಇಲ್ಲದ ರಕ್ತನಾಳದ ಜೀವಕೋಶಗಳಲ್ಲಿ ಅದು ಬರೀ ಉತ್ಕರ್ಷಣ ನಿರೋಧಕವಾಗಿ ವರ್ತಿಸುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಮನುಷ್ಯರ ಸಂಧಿವಾತಕ್ಕೆ ಅದು ಒಪ್ಪಿತ ಔಷಧವಾಗಿಲ್ಲ. ಆದರೂ ‘ಉರಿಯೂತ ನಿವಾರಕ’ ಎಂಬ ಪದ ಡಬ್ಬಿಗಳ ಮೇಲೆ ಬಂದು ಬೇಡಿಕೆ ಏರಿಸುತ್ತದೆ, ಬೆಟ್ಟದ ಮೇಲೆ ಗುದ್ದಲಿ ಏಳುತ್ತದೆ.

ಅಪೋಸೈನಿನ್‌ಗಾಗಿ ಈ ಗಿಡವನ್ನು ಅಗೆಯುವ ಅಗತ್ಯವೇ ಇಲ್ಲ. ಅದನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ತಯಾರಿಸುತ್ತಾರೆ. ಪಿಕ್ರೋಸೈಡ್–1 ಎಲೆಯಲ್ಲೂ ಇದೆ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಪಿಕ್ರೋಸೈಡ್–2 ಮಾತ್ರ ನೆಲದಡಿಯ ಭಾಗದ ಸೊತ್ತು. ಅದಕ್ಕೆ ಬೇಸಾಯವೇ ಸರಿ. ಇಪ್ಪತ್ತೈದು ಡಿಗ್ರಿಗಿಂತ ಹದಿನೈದು ಡಿಗ್ರಿಯಲ್ಲಿ ಪಿಕ್ರೋಸೈಡ್ ಹೆಚ್ಚು ತಯಾರಾಗುತ್ತದೆ ಎಂದು ಹಿಮಾಚಲದಲ್ಲಿ ನಡೆದ ಸಂಶೋಧನೆ ತೋರಿಸಿದೆ. ಹಾಗಾಗಿ ಇದನ್ನು ನಮ್ಮ ಬಯಲುಸೀಮೆಗೆ ತರುತ್ತೇವೆ ಎನ್ನುವ ಯೋಜನೆಗಳಿಗೆ ಹಣ ಸುರಿಯಬಾರದು. ಬೆಳೆಯಬೇಕಾದವರು ಹಿಮಾಲಯದ ಗಢವಾಲ ಪ್ರದೇಶದ ರೈತರು. ಚಮೋಲಿ ಜಿಲ್ಲೆಯ ಘೇಸ್ ಗ್ರಾಮದವರು ಬೆಳೆಯುತ್ತಲೂ ಇದ್ದಾರೆ. ಕೊಯ್ಲಿಗೆ ಎರಡು–ಮೂರು ವರ್ಷ ಕಾಯುವ ಅವರು, ಕಾಡಿನಿಂದ ಪುಕ್ಕಟೆ ಕಿತ್ತು ತಂದವನ ಬೆಲೆಯೊಡನೆ ಸೆಣಸಬೇಕು. ನನಗೆ ಇದು ಶುದ್ಧ ಅನ್ಯಾಯವಾಗಿ ಕಾಣುತ್ತದೆ.

2023ರ ಜೀವವೈವಿಧ್ಯ ತಿದ್ದುಪಡಿ ಕಾಯ್ದೆ, ಬೇಸಾಯದಿಂದ ಬಂದ ಔಷಧಿ ಸಸ್ಯಗಳಿಗೆ, ಬಳಸುವವರು ಸ್ಥಳೀಯರಿಗೆ ಪಾಲು ಕೊಡಬೇಕಾದ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿದೆ. ರೈತನಿಗೆ ಒಳ್ಳೆಯದೇ. ಆದರೆ ಒಣಗಿದ ತುಂಡನ್ನು ನೋಡಿ ಹೊಲದ್ದೋ ಬೆಟ್ಟದ್ದೋ ಹೇಳಲಾಗದು. ಈ ವಿನಾಯಿತಿಗೆ ಬೇಕಾದ ಮೂಲ ಪ್ರಮಾಣಪತ್ರವನ್ನು ಸಡಿಲವಾಗಿ ಕೊಟ್ಟರೆ ಕಾಡಿನ ಮಾಲೆಲ್ಲ ಹೊಲದ ಮಾಲಾಗಿಬಿಡುತ್ತದೆ.

ಇಲ್ಲಿ ಕರ್ನಾಟಕಕ್ಕೆ ಮಾಡಲು ಕೆಲಸವಿದೆ, ಕೊಳ್ಳುವವರ ಸಾಲಿನಲ್ಲಿ ನಾವೂ ಇದ್ದೇವೆ. ಔಷಧಿ ಸಸ್ಯಗಳ ಬೇಡಿಕೆ–ಪೂರೈಕೆಯನ್ನು ದೇಶಮಟ್ಟದಲ್ಲಿ ಲೆಕ್ಕ ಹಾಕಿ 2008ರಲ್ಲಿ ವರದಿ ಕೊಟ್ಟ ಎಫ್‌ಆರ್‌ಎಲ್‌ಎಚ್‌ಟಿ ಬೆಂಗಳೂರಿನದೇ ಸಂಸ್ಥೆ. ಪರಿಣತಿ ಮನೆಬಾಗಿಲಲ್ಲೇ ಇದೆ. ಆಯುಷ್ ಇಲಾಖೆ ಔಷಧಿ ಖರೀದಿಯ ಟೆಂಡರಿನಲ್ಲಿ ಎರಡು ಷರತ್ತು ಸೇರಿಸಲಿ: ಕಟುಕರೋಹಿಣಿ ಯಾವ ಊರಿನ ಯಾವ ಬೆಳೆಗಾರರಿಂದ ಬಂತೆಂಬ ದಾಖಲೆ ಮತ್ತು ಪಿಕ್ರೋಸೈಡ್ ಪ್ರಮಾಣದ ಪರೀಕ್ಷಾ ವರದಿ. ಕಹಿಯ ಅಂಶಕ್ಕೆ ತಕ್ಕಂತೆ ದರ ನಿಗದಿಯಾದರೆ, ಮೂರು ವರ್ಷ ಕಾದು ಒಳ್ಳೆಯ ಮಾಲು ಕೊಡುವವನಿಗೆ ಅದರ ಬೆಲೆ ಸಿಗುತ್ತದೆ. ಮುಂದಿನ ಟೆಂಡರಿನಲ್ಲೇ ಇದನ್ನು ಶುರುಮಾಡಬಹುದು.