ರಂಗದಿಂದ ತೆರೆಗೆ: ಪ್ರಶಸ್ತಿಗೆ ಜನಪ್ರಿಯತೆಯೇ ಅಡ್ಡಿಯೇ?

ತುಮಕೂರು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕವೆಂದರೆ ಜನ ಇಂದಿಗೂ ರಾತ್ರಿಯಿಡೀ ಕೂರುತ್ತಾರೆ. ಇದೇ ಜಿಲ್ಲೆಯ ಗುಬ್ಬಿ ಕಂಪನಿಯ ರಂಗಪರಂಪರೆಯಿಂದ ಬಂದ ‘ಬೇಡರ ಕಣ್ಣಪ್ಪ’ (1954, ನಿರ್ದೇಶನ: ಎಚ್.ಎಲ್.ಎನ್. ಸಿಂಹ) ಗಲ್ಲಾಪೆಟ್ಟಿಗೆಯನ್ನೂ ತುಂಬಿತು, ರಾಜಕುಮಾರ್ ಅವರನ್ನು ನಾಯಕನಟರನ್ನಾಗಿಸಿತು, ಕೇಂದ್ರ ಸರ್ಕಾರದ ಅರ್ಹತಾ ಪತ್ರವನ್ನೂ ಪಡೆಯಿತು. ಪ್ರಶಸ್ತಿ ಚರ್ಚೆಗಳಲ್ಲಿ ಇದನ್ನು ನೆನೆಯುವವರು ವಿರಳ.

ಇಪ್ಪತ್ತು ವರ್ಷಗಳ ಬಳಿಕ ಧುತ್ತರಗಿಯವರ ನಾಟಕ ಎ.ವಿ. ಶೇಷಗಿರಿರಾವ್ ನಿರ್ದೇಶನದಲ್ಲಿ ‘ಸಂಪತ್ತಿಗೆ ಸವಾಲ್’ (1974) ಆಯಿತು. ಎಮ್ಮೆಯ ಹಾಡನ್ನು ಜನ ಇನ್ನೂ ಮರೆತಿಲ್ಲ. ಆದರೆ ಆ ವೇಳೆಗಾಗಲೇ ‘ಸಂಸ್ಕಾರ’ (1970) ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿ ಅಳತೆಗೋಲೇ ಬದಲಾಗಿತ್ತು. 1975ರ ಸಾಲಿನಿಂದ ಜನಪ್ರಿಯ ಮನರಂಜನಾ ಚಿತ್ರಕ್ಕೆ ಪ್ರತ್ಯೇಕ ರಾಷ್ಟ್ರಪ್ರಶಸ್ತಿ ಬಂತು. ಬೇರೆ ಪಂಕ್ತಿ ಹಾಕಿದ್ದು ಗೌರವವೋ, ಹೊರಗಿಡುವ ಉಪಾಯವೋ!

‘ಜನುಮದ ಜೋಡಿ’ಯ (1996) ಭಾರಿ ಯಶಸ್ಸಿನ ಬೆನ್ನಿಗೇ ಟಿ.ಎಸ್. ನಾಗಾಭರಣ ಅವರು ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು (1997) ತೆರೆಗೆ ತಂದರು ನಿಜ. ಆದರೆ ಅವರು ‘ಬೆನಕ’ ತಂಡದ ರಂಗಕರ್ಮಿ. ‘ಗ್ರಹಣ’ದಿಂದಲೇ (1978) ತೀರ್ಪುಗಾರರಿಗೆ ಪರಿಚಿತರು. ಕೇವಲ ಗಲ್ಲಾಪೆಟ್ಟಿಗೆಯನ್ನೇ ನಂಬಿ ಬೆಳೆದ ನಿರ್ದೇಶಕನಿಗೆ ಅಂಥ ಪರಿಚಯವಿಲ್ಲ. ಕಂಪನಿ ನಾಟಕದ ಮಾತು, ಮಟ್ಟುಗಳನ್ನು ಉಳಿಸಿಕೊಂಡರೆ ತೆರೆಯ ಮೇಲೆ ನಾಟಕವಾಡಿಸಿದ್ದಾನೆಂಬ ಆಕ್ಷೇಪ ಕಾದಿರುತ್ತದೆ. ಕತ್ತರಿಸಿದರೆ ಪಾವಗಡದ ಪ್ರೇಕ್ಷಕ ಎದ್ದು ಹೋಗುತ್ತಾನೆ.