ಗುಡ್ಡದ ಮೇಲಿನ ಆಫೀಸು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದ ನಮ್ಮ ಹುಲೇಕಲ್ ಸೀಮೆಯ ಹುಡುಗರು ಮೊದಲು ಹುಡುಕಿದ್ದು ನೆಟ್‌ವರ್ಕ್ ಸಿಗುವ ಗುಡ್ಡ. ಮಳೆ ಬಂದರೆ ಕೊಡೆ ಹಿಡಿದೇ ಮೀಟಿಂಗ್. ಆಮೇಲೆ ಕಂಪನಿಗಳು ವಾಪಸ್ ಕರೆದವು. ಹೋಗಬೇಕೇ, ಇಲ್ಲೇ ಇರಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಊರಲ್ಲಿದ್ದರೆ ಬಾಡಿಗೆ ಉಳಿಯುತ್ತದೆ. ಕೊಳೆಗೆ ಬೋರ್ಡೋ ಹೊಡೆಸುವಾಗ, ಕೊನೆ ಕೊಯ್ಲಿನ ದಿನ ಅಪ್ಪನ ಜೊತೆ ತೋಟದಲ್ಲಿ ಒಬ್ಬರಿರುತ್ತಾರೆ. ವಯಸ್ಸಾದವರಷ್ಟೇ ಉಳಿದಿರುವ ಮನೆಗಳಿಗೆ ಇದು ಸಣ್ಣದಲ್ಲ.

ಆದರೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಬ್ಯಾಟರಿ ಮುಗಿದ ಟವರೂ ಮಲಗುತ್ತದೆ. ಯುಪಿಎಸ್, ಎರಡನೇ ಸಿಮ್ ಎಲ್ಲ ಸ್ವಂತ ಖರ್ಚು. ಸೊಸೆಯಂದಿರ ಕಷ್ಟ ಇನ್ನೂ ಬೇರೆ. ‘ಮನೇಲೇ ಇದ್ದೀಯಲ್ಲ, ಒಂಚೂರು ಚಾ ಮಾಡೇ’ ಎನ್ನುತ್ತಾರೆ. ಅದೇ ಹೊತ್ತಿಗೆ ಅವಳ ಮೀಟಿಂಗ್ ನಡೆಯುತ್ತಿರುತ್ತದೆ. ಬಸ್ ಹತ್ತಿ ಕೆಲಸಕ್ಕೆ ಹೋಗುವವಳಿಗೆ ಈ ಮಾತು ಯಾರೂ ಹೇಳುವುದಿಲ್ಲ.

ಸ್ಟ್ರಿಂಗರ್ ಆದ ನನಗಂತೂ ಆಫೀಸೇ ಇಲ್ಲ, ಜಗಲಿಯೇ ಡೆಸ್ಕು. ಕರೆಂಟಿಲ್ಲದ ರಾತ್ರಿ ಶಿರಸಿಗೆ ಬೈಕ್ ಓಡಿಸಿ ಸುದ್ದಿ ಕಳಿಸಿದ್ದೇನೆ. ಪೆಟ್ರೋಲಿನ ಲೆಕ್ಕ ಯಾರೂ ಕೇಳಲಿಲ್ಲ.

ಮನೆಯೋ ಬೆಂಗಳೂರೋ ಎಂದು ಜಗಳ ಯಾಕೆ? ಭಾರತ್‌ನೆಟ್ ಇರುವುದೇ ಪಂಚಾಯತಗಳಿಗೆ ಫೈಬರ್ ಎಳೆಯಲು. ಪಂಚಾಯತ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿದೆ. ಅಲ್ಲೇ ಒಂದು ಕೋಣೆ, ಹತ್ತು ಕುರ್ಚಿ, ಒಂದು ಇನ್ವರ್ಟರ್ ಕೊಡಲಿ, ಕೂರುವವರು ತಿಂಗಳಿಗಿಷ್ಟು ಎಂದು ಕಟ್ಟಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳುವವನು. ನೀವೂ ಬನ್ನಿ, ಸೊಸೆಯನ್ನೂ ಕರೆತನ್ನಿ.