ಪ್ರಿಂಟರನ್ನು ಬೈಯುವ ಮೊದಲು

ಮನೆಯಲ್ಲಿ ಕಲರ್ ಪ್ರಿಂಟರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ಸಲ ಈ ಮಾತು ಆಡಿರುತ್ತಾರೆ: "ಮೊಬೈಲಿನಲ್ಲಿ ಎಷ್ಟು ಚೆನ್ನಾಗಿತ್ತು, ಕಾಗದದ ಮೇಲೆ ಯಾಕೆ ಹೀಗೆ ಬಂತು?" ಫೋಟೊ ಮಂಕಾಗಿದೆ, ಮುಖಕ್ಕೆ ಬೂದಿ ಬಳಿದಂತಿದೆ, ಆಕಾಶದ ನೀಲಿ ನೇರಳೆಗೆ ತಿರುಗಿದೆ. ಆಮೇಲೆ ಬೈಗುಳ ಶುರು. ಪ್ರಿಂಟರ್ ಸರಿಯಿಲ್ಲ, ಇಂಕ್ ನಕಲಿ, ಪೇಪರ್ ಕಳಪೆ. ಭಿತ್ತಿಪತ್ರಿಕೆಗೂ ವಿಜ್ಞಾನ ವಸ್ತುಪ್ರದರ್ಶನಕ್ಕೂ ಮನೆಯಿಂದ ಫೋಟೊ ಪ್ರಿಂಟ್ ಮಾಡಿ ತರುವ ನಮ್ಮ ಸ್ನೇಹಿತರ ಬಾಯಲ್ಲೂ ಇದೇ ಮಾತು. ಪ್ರಿಂಟರ್ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಬಹಳಷ್ಟು ಸಲ ತೊಂದರೆ ಇರುವುದು ನಾವು ನೋಡುತ್ತಿರುವ ಪರದೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಭೌತಶಾಸ್ತ್ರದ ಮಾತು. ಪರದೆ ತಾನೇ ಬೆಳಕು ಕೊಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕು ಸೇರಿ ಅದರಲ್ಲಿ ಬಿಳಿ ಆಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು, ಇಂಕಿನ ಪದರವನ್ನು ದಾಟಿ, ಕಾಗದಕ್ಕೆ ತಗುಲಿ, ಮತ್ತೆ ಇಂಕಿನ ಮೂಲಕವೇ ನಮ್ಮ ಕಣ್ಣಿಗೆ ಬರಬೇಕು. ದಾರಿಯಲ್ಲಿ ಸಯಾನ್, ಮೆಜೆಂಟಾ, ಹಳದಿ ಇಂಕುಗಳು ತಮ್ಮ ತಮ್ಮ ಪಾಲಿನ ಬೆಳಕನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಪ್ರಿಂಟಿನಲ್ಲಿ ಬಿಳಿ ಎಂದರೆ ಇಂಕ್ ಬೀಳದ ಕಾಗದ ಮಾತ್ರ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ವಾದವನ್ನು ತಳ್ಳಿಹಾಕಿ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರಿದಾಗಲೇ ನಮಗೆ ಕಾಣುತ್ತದೆ ಎಂದು ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಥಮ್ ಸಾವಿರ ವರ್ಷಗಳ ಹಿಂದೆಯೇ 'ಕಿತಾಬ್ ಅಲ್-ಮನಾಝಿರ್' ಗ್ರಂಥದಲ್ಲಿ ಬರೆದಿದ್ದಾರೆ. ಕೈಯಲ್ಲಿರುವ ಪ್ರಿಂಟಿಗೂ ಅದೇ ನಿಯಮ. ಅದರ ಮೇಲೆ ಎಷ್ಟು ಬೆಳಕು ಬೀಳುತ್ತದೋ ಅದಕ್ಕಿಂತ ಹೆಚ್ಚನ್ನು ಅದು ಹಿಂದಿರುಗಿಸಲಾರದು.

ಇದನ್ನು ಲೆಕ್ಕ ಹಾಕಿ ನೋಡಬಹುದು. ಓದಲು ಸಾಕಾಗುವ 300 ಲಕ್ಸ್ ಬೆಳಕು ಬಿಳಿ ಕಾಗದದ ಮೇಲೆ ಬಿದ್ದಿದೆ, ಅದರಲ್ಲಿ ಶೇ. 90ರಷ್ಟನ್ನು ಕಾಗದ ಎಲ್ಲ ಕಡೆಗೂ ಚದುರಿಸುತ್ತದೆ ಎಂದುಕೊಳ್ಳೋಣ. 300 ಅನ್ನು 0.9ರಿಂದ ಗುಣಿಸಿ 3.14ರಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 86 ಕ್ಯಾಂಡೆಲಾ ಬರುತ್ತದೆ. ಆ ಕಾಗದದ ಅತಿ ಬಿಳಿ ಜಾಗದ ಪ್ರಕಾಶ ಅಷ್ಟೇ. ಇಂದಿನ ಅನೇಕ ಮೊಬೈಲುಗಳ ಪರದೆಯನ್ನು ಪೂರ್ತಿ ಏರಿಸಿದರೆ 500 ಕ್ಯಾಂಡೆಲಾ ದಾಟುತ್ತದೆ. ಐದಾರು ಪಟ್ಟು ವ್ಯತ್ಯಾಸ! 1996ರಲ್ಲಿ ಹೆವ್ಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಪರದೆಯ ಬಣ್ಣಕ್ಕೆ ಎಸ್‌ಆರ್‌ಜಿಬಿ ಎಂಬ ಅಳತೆಗೋಲನ್ನು ಮುಂದಿಟ್ಟಾಗ ಮಾದರಿ ಪರದೆಯ ಪ್ರಕಾಶವನ್ನು 80 ಕ್ಯಾಂಡೆಲಾ ಎಂದೇ ಇಟ್ಟುಕೊಂಡಿದ್ದವು. ಅದು ನಮ್ಮ ಕಾಗದದ ಲೆಕ್ಕಕ್ಕೆ ಬಹಳ ಹತ್ತಿರ. 500ರ ಪರದೆಯಲ್ಲಿ "ಸಾಕಷ್ಟು ಬೆಳಕಿದೆ" ಎಂದು ತೀರ್ಮಾನಿಸಿದ ಫೋಟೊ 86ರ ಕಾಗದದಲ್ಲಿ ಕತ್ತಲಾಗಿ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಏನು ಮಾಡಬೇಕು? ದುಬಾರಿ ಯಂತ್ರ ಬೇಡ. ನೀವು ಪ್ರಿಂಟ್ ಮಾಡುವ ಪೇಪರಿನದೇ ಒಂದು ಖಾಲಿ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಪರದೆಯ ಪಕ್ಕದಲ್ಲಿ ಹಿಡಿಯಿರಿ. ಪರದೆಯ ಮೇಲೆ ಒಂದು ಖಾಲಿ ಬಿಳಿ ಪುಟ ತೆರೆದು, ಎರಡೂ ಬಿಳಿ ಒಂದೇ ಮಟ್ಟದಲ್ಲಿ ಕಾಣುವ ತನಕ ಬ್ರೈಟ್‌ನೆಸ್ ಇಳಿಸಿ. ಆಟೊ ಬ್ರೈಟ್‌ನೆಸ್, ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೌಲಭ್ಯ, ಬಣ್ಣವನ್ನು ಗಾಢ ಮಾಡುವ 'ವಿವಿಡ್' ಮೋಡ್, ಎಲ್ಲವನ್ನೂ ಆಫ್ ಮಾಡಿ. ಫೋಟೊವನ್ನು ತಿದ್ದುವುದು ಇದಾದ ಮೇಲೆ. ಆಗ ನಿಮಗೇ ಗೊತ್ತಾಗುತ್ತದೆ, ಫೋಟೊ ಮೊದಲಿನಿಂದಲೂ ಕತ್ತಲಾಗಿಯೇ ಇತ್ತು ಎಂದು.

ಪ್ರಿಂಟರಿನ ಕಡೆಯೂ ಮೂರು ಕೆಲಸ ಇವೆ. ಒಂದು, ನಾಝಲ್ ಚೆಕ್ ತೆಗೆದು ಎಲ್ಲ ಬಣ್ಣದ ಗೆರೆಗಳೂ ತುಂಡಾಗದೆ ಬರುತ್ತಿವೆಯೇ ನೋಡುವುದು. ವಾರಗಟ್ಟಲೆ ಸುಮ್ಮನಿದ್ದ ಇಂಕ್‌ಜೆಟ್‌ನಲ್ಲಿ ಒಂದು ಬಣ್ಣ ಕಟ್ಟಿಕೊಂಡಿದ್ದರೆ ಪರದೆಯನ್ನು ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ. ಎರಡು, ಪೇಪರಿನ ಬಗೆಯನ್ನು ಸರಿಯಾಗಿ ಆರಿಸುವುದು. ಗ್ಲಾಸಿ ಹಾಳೆ ಹಾಕಿ ಸೆಟ್ಟಿಂಗ್‌ನಲ್ಲಿ ಸಾದಾ ಪೇಪರ್ ಎಂದು ಬಿಟ್ಟರೆ ಪ್ರಿಂಟರ್ ಇಂಕನ್ನು ಆ ಲೆಕ್ಕದಲ್ಲೇ ಬಿಡುತ್ತದೆ. ಝೆರಾಕ್ಸ್ ಪೇಪರ್ ಇಂಕನ್ನು ಒಳಕ್ಕೆ ಹೀರುವುದರಿಂದ ಅದರಲ್ಲಿ ಗ್ಲಾಸಿಯ ಕಪ್ಪೂ ಹೊಳಪೂ ಎಂದಿಗೂ ಬರುವುದಿಲ್ಲ. ಮೂರು, ಬಣ್ಣ ಹೊಂದಿಸುವ ಕೆಲಸವನ್ನು ಫೋಟೊ ಸಾಫ್ಟ್‌ವೇರಿಗೆ ಕೊಡಿ ಅಥವಾ ಪ್ರಿಂಟರಿಗೆ ಕೊಡಿ, ಇಬ್ಬರಿಗೂ ಕೊಡಬೇಡಿ. ಒಂದೇ ಸಾರಿಗೆ ಇಬ್ಬರು ಉಪ್ಪು ಹಾಕಿದಂತಾಗುತ್ತದೆ.

ಇಷ್ಟು ಮಾಡಿದರೂ ಪ್ರಿಂಟ್ ಪರದೆಯ ಪಡಿಯಚ್ಚು ಆಗುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಕಣ್ಣು ಕುಕ್ಕುವ ಗಿಳಿಹಸಿರು, ಪರದೆಯಲ್ಲಿ ಹೊಳೆಯುವ ಕಡುನೀಲಿ ಇವು ಮನೆಯ ಪ್ರಿಂಟರಿನ ಇಂಕುಗಳ ಅಳವಿಗೆ ಮೀರಿದವು. "ಹಾಗಿದ್ದರೆ ಇಷ್ಟೆಲ್ಲ ತಲೆಬಿಸಿ ಯಾಕೆ, ಫೋಟೊವನ್ನು ಮೊಬೈಲಿನಲ್ಲೇ ನೋಡಿದರಾಯಿತು" ಎನ್ನುವವರು ಇದ್ದಾರೆ. ಆದರೆ ಮೊಬೈಲ್ ಕಳೆದರೆ, ನೀರಿಗೆ ಬಿದ್ದರೆ, ಅದರೊಳಗಿನ ಫೋಟೊ ಎಷ್ಟು ಮಂದಿಗೆ ಮರಳಿ ಸಿಕ್ಕಿದೆ? ಮನೆಯ ಹಿರಿಯರಿಗೆ ಫೋಟೊ ಎಂದರೆ ಇಂದಿಗೂ ಕೈಯಲ್ಲಿ ಹಿಡಿಯುವಂಥದ್ದು.

ನಮ್ಮ ದಾದಿಯದು ಎಣ್ಣೆಗಪ್ಪು ಬಣ್ಣ. ಈದ್ ದಿನ ತೆಗೆದ ಅವರ ಫೋಟೊವನ್ನು ಚಾಚಾ ಮನೆಯ ಪ್ರಿಂಟರಿನಲ್ಲಿ ತೆಗೆದಾಗ ಕಪ್ಪಾಗಿ ಬಂತು. ಚಾಚಾ ಮೊಬೈಲಿನ ಒಂದು ಬಟನ್ ಒತ್ತಿ ಮುಖವನ್ನು ಬೆಳ್ಳಗೆ ಮಾಡಿ ಇನ್ನೊಂದು ಪ್ರಿಂಟ್ ಕೊಟ್ಟರು. ದಾದಿ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, "ಇವಳು ಯಾರಪ್ಪಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ನಗುವಂಥದ್ದು ಅನಿಸಲಿಲ್ಲ. ಮೊದಲ ಪ್ರಿಂಟಿನಲ್ಲಿ ಅವರ ಮುಖ ಕಾಣಲಿಲ್ಲ, ಎರಡನೆಯದರಲ್ಲಿ ಬೇರೆ ಯಾರದೋ ಮುಖ ಇತ್ತು. ಪರದೆಯ ಬ್ರೈಟ್‌ನೆಸ್ ಇಳಿಸಿ, ಇಡೀ ಫೋಟೊದ ಬೆಳಕನ್ನು ಸ್ವಲ್ಪ ಏರಿಸಿ, ಬಣ್ಣವನ್ನು ಮುಟ್ಟದೆ ತೆಗೆದ ಮೂರನೆಯ ಪ್ರಿಂಟಿನಲ್ಲಿ ದಾದಿ ದಾದಿಯಂತೆಯೇ ಕಂಡರು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಫೋಟೊ ಕಳಿಸುತ್ತಿತ್ತು. ಅದರಲ್ಲಿ ಬಿಳಿ ಚರ್ಮದ ಒಬ್ಬ ಯುವತಿ ಇರುತ್ತಿದ್ದಳು. ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಕಪ್ಪು, ಕಂದು ಮೈಬಣ್ಣದವರ ಮುಖ ಹೇಗೆ ಬರುತ್ತದೆ ಎಂದು ನೋಡುವವರು ಇರಲಿಲ್ಲ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಈಗ ಲ್ಯಾಬೂ ಇಲ್ಲ, ಕಾರ್ಡೂ ಇಲ್ಲ. ಆದರೆ ಮೊಬೈಲಿನ ಬ್ಯೂಟಿ ಮೋಡ್ ಆ ಕಾರ್ಡಿನ ಕೆಲಸವನ್ನು ನಮ್ಮ ಕೈಯಿಂದಲೇ ಮಾಡಿಸುತ್ತಿದೆ. ಪ್ರಿಂಟ್ ಕಪ್ಪಾಗಿದ್ದರೆ ಬೆಳಕು ಸರಿಮಾಡಬೇಕು. ಮನುಷ್ಯನನ್ನು ಬೆಳ್ಳಗೆ ಮಾಡುವುದು ಅದಕ್ಕೆ ಪರಿಹಾರವಲ್ಲ. ಪ್ರಿಂಟನ್ನು ಪರದೆಯೊಂದಿಗೆ ಹೋಲಿಸುವುದು ಅರ್ಧ ಕೆಲಸ. ಸಾಧ್ಯವಿದ್ದಾಗಲೆಲ್ಲ ಆ ವ್ಯಕ್ತಿಯ ಪಕ್ಕದಲ್ಲೇ ಹಿಡಿದು ನೋಡಬೇಕು.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮತ್ತು ಭಿತ್ತಿಪತ್ರಿಕೆಯ ಬಳಗದಲ್ಲಿ ನನ್ನ ವಿನಂತಿ ಇಷ್ಟು. ಕಂಪ್ಯೂಟರ್ ಲ್ಯಾಬಿನ ಒಂದು ಪರದೆಯನ್ನು ಫೋಟೊ ಕೆಲಸಕ್ಕೆಂದೇ ಗೊತ್ತುಮಾಡೋಣ. ಖಾಲಿ ಹಾಳೆ ಹಿಡಿದು ಅದರ ಬ್ರೈಟ್‌ನೆಸ್ ಹೊಂದಿಸಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸೋಣ. ಪ್ರತಿ ಸಲ ಒಂದೇ ಬಗೆಯ ಪೇಪರ್ ಬಳಸೋಣ. ದೊಡ್ಡ ಹಾಳೆ ಹಾಕುವ ಮೊದಲು 4×6 ಇಂಚಿನ ಒಂದು ಹಾಳೆಯಲ್ಲಿ ಅದೇ ಫೋಟೊವನ್ನು ಬೇರೆ ಬೇರೆ ಬೆಳಕಿನ ನಾಲ್ಕು ತುಂಡುಗಳಾಗಿ ಪ್ರಿಂಟ್ ಮಾಡಿ, ಒಣಗಲು ಬಿಟ್ಟು, ಅದನ್ನು ತೂಗುಹಾಕುವ ಗೋಡೆಯ ಹತ್ತಿರವೇ ನೋಡಿ ಆರಿಸೋಣ. ನಾಲ್ಕು ದೊಡ್ಡ ಹಾಳೆ ಹಾಳಾಗುವ ಕಡೆ ಒಂದು ಸಣ್ಣ ಹಾಳೆಯಲ್ಲಿ ಕೆಲಸ ಮುಗಿಯುತ್ತದೆ.

ಕೊನೆಯದಾಗಿ, ಯಾರ ಮುಖವನ್ನೂ ಬೆಳ್ಳಗೆ ಮಾಡಬಾರದು ಎಂಬ ಒಂದು ನಿಯಮ ಇರಲಿ. ಬಿಸಿಲಿನಲ್ಲಿ ಬೆವರು ಸುರಿಸಿ ಆಡುವ ನಮ್ಮ ವಾಲಿಬಾಲ್ ತಂಡದವರು ಗೋಡೆಯ ಮೇಲೂ ಬಿಸಿಲಿಗೆ ಕಂದಿದ ತಮ್ಮ ಬಣ್ಣದಲ್ಲೇ ಇರಲಿ. ಈ ವರ್ಷದ ತಂಡದ ಫೋಟೊ ಇನ್ನೂ ಪ್ರಿಂಟ್ ಆಗಿಲ್ಲ. ಅದರಿಂದಲೇ ಶುರು ಮಾಡಬಹುದು.